ಕುಷ್ಟಗಿಗೆ ಬಂದ ಇಂಗ್ಲೆಂಡಿನ ಗಂಡ

ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಸುಮ್ಮನೆ ಕೂರುವ ಜನರನ್ನು ಕಂಡರೆ ನನಗೆ ಒಳಗೊಳಗೇ ಅಸೂಯೆ. ಅಂಥವರು ಒಂದು ಕುರ್ಚಿ ಕೊಂಡರೆ ಅದರ ಮೇಲೆ ಕೂರುತ್ತಾರೆ. ನಾನು ಕುರ್ಚಿ ಕೊಂಡರೆ ಮೊದಲು ಅದನ್ನು ತಲೆಕೆಳಗು ಮಾಡಿ ನೋಡುತ್ತೇನೆ. ಒಂದು ಕಾಲು ತುಸು ಉದ್ದ ಇದೆಯೆಂಬ ಗುಮಾನಿ ಬರುತ್ತದೆ. ಅದನ್ನು ಉಜ್ಜುತ್ತೇನೆ. ಉಜ್ಜಿದ ಮೇಲೆ ಪಕ್ಕದ ಕಾಲು ಉದ್ದ ಕಾಣುತ್ತದೆ. ಹೀಗೆ ಉಜ್ಜಿಸಿಕೊಂಡು ಉಜ್ಜಿಸಿಕೊಂಡು ನಮ್ಮ ಮನೆಯ ಒಂದು ಕುರ್ಚಿ ಮಣೆಯ ಎತ್ತರಕ್ಕೆ ಇಳಿದಿತ್ತು. ನನ್ನ ಹೆಂಡತಿ ಗಿರಿಜಾ ಅದನ್ನು ಎತ್ತಿಕೊಂಡು ಹೋಗಿ ಒಲೆಯ ಮುಂದೆ ಹಾಕಿಕೊಂಡು, "ಛಲೋ ಆತು ಬಿಡ್ರಿ, ರೊಟ್ಟಿ ಬಡಿಯಾಕ ಒಂದು ಮಣಿ ಬೇಕಾಗಿತ್ತು" ಎಂದಳು. ಅವಳ ಸ್ವಭಾವವೇ ಹಾಗೆ. ಜಗಳಕ್ಕೆ ಬರುವುದಿಲ್ಲ. ಒಂದೇ ಮಾತು ಹೇಳುತ್ತಾಳೆ, ರೊಟ್ಟಿ ತಿರುವಿ ಹಾಕುತ್ತಾಳೆ. ಆ ಒಂದು ಮಾತನ್ನು ಇಟ್ಟುಕೊಂಡು ನಾನು ಇಡೀ ದಿನ ಮನೆಯ ಒಳಗೂ ಹೊರಗೂ ಅಲೆಯುತ್ತೇನೆ. ಅದಕ್ಕೆ ಕೊಡಬೇಕಾಗಿದ್ದ ಉತ್ತರ ನನಗೆ ಸಾಮಾನ್ಯವಾಗಿ ಮರುದಿನ ಸ್ನಾನ ಮಾಡುವಾಗ ಹೊಳೆಯುತ್ತದೆ.

ಇಂಥ ಮನುಷ್ಯನ ಕಣ್ಣಿಗೆ ಒಂದು ಇಂಗ್ಲಿಷ್ ಧಾರಾವಾಹಿ ಬೀಳಬಾರದಾಗಿತ್ತು. ಬಿತ್ತು. ಎಂಬತ್ತರ ದಶಕದ ನಡುವಿನ ವರ್ಷಗಳು. ಕುಷ್ಟಗಿಯಲ್ಲಿ ಸರ್ಕಾರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಊರಿಗೆ ಟೀವಿ ಎಂಬುದು ಆಗತಾನೆ ಕಾಲಿಟ್ಟಿತ್ತು. ನಮ್ಮ ಕಚೇರಿಯ ಮಟ್ಟಿಗೆ ಅದು ಸಾಹೇಬರ ಮನೆಗೆ ಮಾತ್ರ ಕಾಲಿಟ್ಟಿತ್ತು. ಅವರ ಮಾಳಿಗೆಯ ಮೇಲೆ ಬೋರ್‌ವೆಲ್ ಪೈಪು ನಿಲ್ಲಿಸಿ ಅದರ ತುದಿಗೆ ಆಂಟೆನಾ ಕಟ್ಟಿದ್ದರು. ಅಷ್ಟಾದರೂ ಪರದೆಯ ಮೇಲೆ ಸದಾ ಸಜ್ಜೆ ಚೆಲ್ಲಿದಂತೆ ಕಾಣುತ್ತಿತ್ತು. ಗಂಗಾವತಿಯವರ ಟೀವಿಯಲ್ಲಿ ಅಕ್ಕಿ ಚೆಲ್ಲಿದಂತೆ ಕಾಣುತ್ತದೆಂದು ನಮ್ಮಲ್ಲಿ ಕೆಲವರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. ಅವರಿಗೆ ಕಾಲುವೆಯ ನೀರು, ನಮಗೆ ಆಕಾಶದ ನೀರು. ಟೀವಿ ತಾನೇ ಯಾಕೆ ಪಕ್ಷಪಾತ ಬಿಟ್ಟೀತು ಎಂಬುದು ಅವರ ವಾದ.

ಸಾಹೇಬರ ಪಡಸಾಲೆಯಲ್ಲಿ ಹಿಂದಿ ಕಾರ್ಯಕ್ರಮ ಮುಗಿಯುವತನಕ ಜನ ತುಂಬಿರುತ್ತಿದ್ದರು. ಇಂಗ್ಲಿಷ್ ಶುರುವಾಯಿತೆಂದರೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಎದ್ದು ಹೋಗುತ್ತಿದ್ದರು. ಸಾಹೇಬರು ಕೂತಿರುವಾಗ ನಾನು ಏಳುವುದು ಹೇಗೆ? ಉಳಿದೆ. ವಾರಕ್ಕೊಮ್ಮೆ ಒಂದು ಇಂಗ್ಲೆಂಡಿನ ನಗೆನಾಟಕ ಬರುತ್ತಿತ್ತು. ಅದರಲ್ಲಿ ಕಣ್ಣಿಗೆ ಕಾಣದ ಜನ ಎಲ್ಲೋ ಕೂತು ಗೊಳ್ಳೆಂದು ನಗುತ್ತಿದ್ದರು. ಅವರು ನಕ್ಕ ಮೇಲೆ ಸಾಹೇಬರು ನಗುತ್ತಿದ್ದರು. ಸಾಹೇಬರು ನಕ್ಕ ಮೇಲೆ ನಾನು ನಗುತ್ತಿದ್ದೆ. ಕಚೇರಿಯಲ್ಲಿ ಕಾಗದಪತ್ರ ಮೇಲಿನಿಂದ ಇಳಿದುಬರುವ ಕ್ರಮದಲ್ಲೇ ನಗುವೂ ಇಳಿದುಬರುತ್ತಿತ್ತು. ನನಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಸುತ್ತೋಲೆಯ ಇಂಗ್ಲಿಷ್. ಆ ನಾಟಕದಲ್ಲಿ ಯಾರೂ ಯಾರಿಗೂ 'ಈ ಮೂಲಕ ತಿಳಿಸಲಾಗಿದೆ' ಎನ್ನುತ್ತಿರಲಿಲ್ಲವಾದ್ದರಿಂದ ನನಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ.

ಆದರೆ ನೋಡುತ್ತ ನೋಡುತ್ತ ಕತೆ ತಿಳಿಯಿತು. ಒಬ್ಬ ರೈಲ್ವೆ ಅಧಿಕಾರಿ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾನೆ. ಸ್ಟೇಷನ್ ಬಿಟ್ಟುಬಂದರೂ ಸ್ಟೇಷನ್ ಅವನನ್ನು ಬಿಟ್ಟಿಲ್ಲ. ತಿಂಡಿಗೆ ಒಂದು ವೇಳೆ, ಬಚ್ಚಲಿಗೆ ಒಂದು ವೇಳೆ, ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಿದ್ದಾನೆ. ಅಡುಗೆಮನೆಯ ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾನೆ. ಹೆಂಡತಿ ಸಣ್ಣ ಮೈಕಟ್ಟಿನ ಹೆಂಗಸು. ಅವನು ಉದ್ದುದ್ದ ಮಾತಾಡಿ ಮುಗಿಸುವವರೆಗೂ ಸುಮ್ಮನಿದ್ದು, ಕೊನೆಗೆ ಅರ್ಧ ಸಾಲಿನ ಒಂದು ಮಾತು ಹೇಳಿ ಹೊರಟುಹೋಗುತ್ತಾಳೆ. ಆ ಅರ್ಧ ಸಾಲಿಗೇ ಆ ಕಾಣದ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವಳು ಏನು ಅಂದಳು ಎಂದು ಸಾಹೇಬರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮನೆಗೆ ಬಂದು ಮಲಗಿದರೂ ಅದೇ ಚಿಂತೆ. ಅಷ್ಟು ದೊಡ್ಡ ಭಾಷಣಕ್ಕೆ ಅಷ್ಟು ಚಿಕ್ಕ ಉತ್ತರ ಏನಿರಬಹುದು?

ಉತ್ತರ ಸಿಗುವ ಮೊದಲು ತಲೆ ಇನ್ನಷ್ಟು ಕೆಟ್ಟಿತು. ಗಿರಿಜಾಳ ತಮ್ಮ ಶೇಖರ ನಮ್ಮ ಇಲಾಖೆಯ ಗಂಗಾವತಿ ಕಚೇರಿಯಲ್ಲೇ ಕೆಲಸಕ್ಕಿದ್ದ. ಧಾರವಾಡದಲ್ಲಿ ಬಿ.ಎ. ಓದಿದವನು, ಇಂಗ್ಲಿಷ್ ಅರ್ಥವಾಗುವವನು. ಒಮ್ಮೆ ಗಿರಿಜಾಳೊಡನೆ ಅವನ ಮನೆಗೆ ಹೋದಾಗ, ದುಬೈಯಿಂದ ಬಂದ ಗೆಳೆಯನೊಬ್ಬ ಬಿಟ್ಟುಹೋಗಿದ್ದ ವಿಡಿಯೊ ಕ್ಯಾಸೆಟ್ ಹಾಕಿ ತೋರಿಸಿದ. ನೋಡುತ್ತೇನೆ, ಅದೇ ಕತೆ! ಅದೇ ಗಂಡ, ಅದೇ ಗಡಿಯಾರ, ಅದೇ ಅಡುಗೆಮನೆಯ ಬಾಗಿಲು. ಆದರೆ ಗಂಡನ ವೇಷದವನು ಬೇರೆ, ಹೆಂಡತಿಯ ವೇಷದವಳು ಬೇರೆ. ಮನೆ ನಮ್ಮ ಕಚೇರಿಯಷ್ಟು ದೊಡ್ಡದು. ರೈಲಿನವನು ಹೋಗಿ ವಿಮಾನ ನಿಲ್ದಾಣದವನು ಬಂದಿದ್ದ. ಕೊನೆಯಲ್ಲಿ ಹೆಂಡತಿ ಅರ್ಧ ಮಾತು ಹೇಳಿ ಹೊರಟುಹೋಗಲಿಲ್ಲ. ಕಣ್ಣೊರೆಸಿಕೊಂಡಳು, ಗಂಡನೂ ಕಣ್ಣೊರೆಸಿಕೊಂಡ, ಇಬ್ಬರೂ ಅಪ್ಪಿಕೊಂಡರು, ಹಿಂದಿನಿಂದ ಪಿಟೀಲು ಬಾರಿಸಿದರು.

"ಏ ಶೇಖರ, ಇವರು ಕದ್ದಾರೋ!" ಎಂದು ನಾನು ಎದ್ದು ನಿಂತೆ.

"ಕುಂದರ್ರಿ ಮಾಮಾ," ಎಂದ ಶೇಖರ. "ನೀವು ಟೀವ್ಯಾಗ ನೋಡಿದ್ದು ಅಸಲು. ಇದು ಅಮೆರಿಕಾದವರು ತಮಗ ಬೇಕಾದಂಗ ಮಾಡಿಕೊಂಡದ್ದು. ಇಂಗ್ಲೆಂಡದಾಗ ಒಂದು ಛಲೋ ಓಡಾಕತ್ತು ಅಂದ್ರ ಇವರು ಕೇಳಿ, ರೊಕ್ಕಾ ಕೊಟ್ಟು ತರ್ತಾರ. ಮನಿ ದೊಡ್ಡದು ಮಾಡ್ತಾರ, ಗಂಡನ ಹಲ್ಲು ಬೆಳ್ಳಗ ಮಾಡ್ತಾರ, ಮತ್ತ ಹೊಸದಾಗಿ ತಗೀತಾರ."

"ಅಲ್ಲಪಾ, ಎರಡೂ ಕಡೆ ಇಂಗ್ಲಿಷ್ ಅಲ್ಲೇನು? ಇದ್ದದ್ದನ್ನ ನೋಡಿದ್ರ ಆಗ್ತಿದ್ದಿಲ್ಲೇನು?"

"ಭಾಷಾ ಒಂದಾದ್ರ ಆತೇನ್ರಿ? ಕುಷ್ಟಗ್ಯಾಗೂ ಕನ್ನಡ, ಗಂಗಾವತ್ಯಾಗೂ ಕನ್ನಡ. ನಿಮ್ಮ ಊರಾಗಿನ ಸಾರು ನಮಗ ಹೋಗತೈತೇನು?"

ಒಳಗಿನಿಂದ ಗಿರಿಜಾ, "ಯಾಕ ಹೋಗೂದಿಲ್ಲೋ? ಮೊನ್ನಿ ಬಂದಾಗ ಬೋಗಾಣಿ ಬಗ್ಗಿಸಿ ಹಾಕಿಸ್ಕೊಂಡಿ" ಎಂದಳು. ಶೇಖರ ಕ್ಯಾಸೆಟ್ ನಿಲ್ಲಿಸಿ ಹೊರಗೆ ಬೀಡಾ ತರಲು ಹೋದ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಕನಕಗಿರಿ ದಾಟುವಾಗ ಒಂದು ವಿಚಾರ ಬಂತು: ಕೇಳಿ ಮಾಡಿಕೊಳ್ಳುವುದು ತಪ್ಪಲ್ಲವಾದರೆ, ಇಂಗ್ಲೆಂಡಿನದನ್ನು ಅಮೆರಿಕಾದವರು ಮಾಡಿಕೊಳ್ಳಬಹುದಾದರೆ, ಕುಷ್ಟಗಿಯವರು ಯಾಕೆ ಮಾಡಿಕೊಳ್ಳಬಾರದು? ಕೇಳುವುದು ಯಾರನ್ನು, ಎಲ್ಲಿ ಎಂಬ ಪ್ರಶ್ನೆಯನ್ನು ನಾನು ಕಿಟಕಿಯಿಂದ ಹೊರಗೆ ಬಿಟ್ಟೆ. ಕಾಲು ತಾನಾಗಿ ಕುಣಿಯತೊಡಗಿತು. "ಕಾಲು ಸುಮ್ಮನ ಇಡ್ರಿ. ಬಸ್ಸು ಅಲಗಾಡೂದು ಸಾಲಂಗಿಲ್ಲೇನು?" ಎಂದಳು ಗಿರಿಜಾ. ತಾವರಗೇರಾದಲ್ಲಿ ಬಸ್ಸು ನಿಂತಾಗ ನಿಲ್ದಾಣದ ಕಂಟ್ರೋಲರ್ ಒಬ್ಬರು ಸೀಟಿ ಊದುತ್ತ, ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದ ಪ್ರಯಾಣಿಕರನ್ನು ಅರ್ಧಕ್ಕೇ ಎಬ್ಬಿಸಿ ಬಸ್ಸಿಗೆ ಹತ್ತಿಸುತ್ತಿದ್ದರು. ನನಗೆ ರೋಮಾಂಚನವಾಯಿತು. ಕುಷ್ಟಗಿಗೆ ರೈಲಿಲ್ಲ, ವಿಮಾನವಂತೂ ಮೇಲಿನಿಂದ ಹಾದುಹೋಗುತ್ತದೆ. ನಮ್ಮ ಗಂಡ ನಿವೃತ್ತ ಬಸ್ ಕಂಟ್ರೋಲರ್! ಮನೆಯನ್ನು ಬಸ್ ನಿಲ್ದಾಣ ಮಾಡಿಕೊಂಡವನು! ಅಡುಗೆಮನೆಗೆ ಸೀಟಿ ಊದುವವನು!

ನೌಕರರ ಸ್ನೇಹ ಸಮ್ಮೇಳನಕ್ಕೆ ನಮ್ಮ ಕಚೇರಿಯಿಂದ ಒಂದು ನಾಟಕ ಆಗಬೇಕೆಂದು ಸಾಹೇಬರು ಹೇಳುತ್ತಲೇ ಇದ್ದರು. ಬರೆಯಲು ಕೂತೆ. ಕೂತೆ ಎಂಬುದು ಮಾತಿಗೆ. ಒಂದು ಸಾಲು ಬರೆದು ಅಂಗಳಕ್ಕೆ ಹೋಗಿ, ಎರಡು ಸುತ್ತು ಹಾಕಿ, ಬಂದು ಅದನ್ನು ಹೊಡೆದುಹಾಕುತ್ತಿದ್ದೆ. ಗಂಡನ ಮಾತು ಧಾರಾಳವಾಗಿ ಬಂದವು. ಹೆಂಡತಿಯ ಮಾತಿಗೆ ಬಂದಾಗ ಲೇಖನಿ ನಿಂತಿತು. ಅವಳು ಏನು ಹೇಳುತ್ತಾಳೆ? ಇಂಗ್ಲೆಂಡಿನವಳು ಹೇಳಿದ್ದು ತಿಳಿದಿರಲಿಲ್ಲ, ಅಮೆರಿಕಾದವಳು ಅತ್ತುಬಿಟ್ಟಿದ್ದಳು. ನಾನೇ ಹೊಸೆದ ಮಾತುಗಳನ್ನು ಗಟ್ಟಿಯಾಗಿ ಓದಿಕೊಂಡರೆ ಎಲ್ಲವೂ ಸುತ್ತೋಲೆಯಂತೆ ಕೇಳುತ್ತಿದ್ದವು.

ಆ ದಿನಗಳಲ್ಲಿ, ಬರೆಯಲು ತೋಚದ ಒಂದು ಹೊತ್ತಿನಲ್ಲಿ, ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಅಕಾರಾದಿಯಾಗಿ ಜೋಡಿಸಿದ್ದೆ. ಸಾಯಂಕಾಲ ಒಗ್ಗರಣೆಗೆ ಎಣ್ಣೆ ಕಾಯಿಸಿಕೊಂಡು ಗಿರಿಜಾ ಕೈ ಚಾಚಿದಳು. ಕೈಗೆ ಅವಲಕ್ಕಿ ಬಂತು. ತಿರುಗಿ ನನ್ನನ್ನು ನೋಡಿ, "ಜೀರಗಿ ಯಾವ ಊರಿಗೆ ವರ್ಗ ಆತ್ರಿ?" ಎಂದಳು.

ನಾನು ಅಕಾರಾದಿಯ ಉಪಯೋಗಗಳನ್ನು ವಿವರಿಸಿದೆ. ಕಚೇರಿಯಲ್ಲಿ ಈ ಕ್ರಮದಿಂದ ಎಷ್ಟು ಸಮಯ ಉಳಿಯುತ್ತದೆ, ಒಬ್ಬ ಹೊಸಬ ಬಂದರೂ ಹೇಗೆ ತಡಕಾಡದೆ ಸಾಮಾನು ಹುಡುಕಿಕೊಳ್ಳಬಹುದು, ನಮ್ಮ ಜನ ಹಿಂದುಳಿದಿರುವುದಕ್ಕೂ ಅಡುಗೆಮನೆಗೂ ಏನು ಸಂಬಂಧ, ಎಲ್ಲ ಹೇಳಿದೆ. ಎಣ್ಣೆ ಹೊಗೆಯಾಡಿತು. ಅವಳು ಬಾಣಲೆ ಇಳಿಸಿ, ಪೂರ್ತಿ ಕೇಳಿ, "ಮುಗೀತ್ರಿ? ಹಂಗಾರ ಕೈ ತೊಳಕೋರಿ" ಎಂದಳು.

ನಾನು ಕೈ ತೊಳೆಯಲಿಲ್ಲ. ಪಡಸಾಲೆಗೆ ಓಡಿ ಬರೆದುಕೊಂಡೆ. ಆಮೇಲೆ ತಡೆಯೇ ಇರಲಿಲ್ಲ. ಚಹಾ ತಡವಾಯಿತೆಂದು ನಾನು ಗೊಣಗಿದಾಗ ಅವಳು, "ಎಮ್ಮಿಗೆ ನಿಮ್ಮ ಗಡಿಯಾರ ಓದಾಕ ಬರೂದಿಲ್ರಿ" ಎಂದದ್ದು, ನಾನು ಮಳೆಗಾಲಕ್ಕೆ ಮೊದಲೇ ಛತ್ರಿ ಬಿಚ್ಚಿ ಹೊಲಿದು ಅದು ಮುಚ್ಚದೇ ಹೋದಾಗ, "ಇರ್ಲಿ ಬಿಡ್ರಿ, ಮಳಿ ಬಂದಿಲ್ಲ ಅಂತ ಅದಕ್ಕ ಗೊತ್ತಿಲ್ಲ" ಎಂದದ್ದು, ಎಲ್ಲ ಒಂದೊಂದಾಗಿ ನಾಟಕದೊಳಗೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು.

ಗಂಡನ ಪಾತ್ರ ನನ್ನದು. ಹೆಂಡತಿಯ ಪಾತ್ರಕ್ಕೆ ಯಾವ ಹೆಣ್ಣುಮಗಳೂ ಸಿಗಲಿಲ್ಲ. ನಮ್ಮ ಜೊತೆಯ ಗುಮಾಸ್ತ ಮಲ್ಲಯ್ಯ ಒಪ್ಪಿದ. ಅವನ ದನಿ ತೆಳ್ಳಗಿತ್ತು, ಮೀಸೆ ದಪ್ಪವಿತ್ತು. ಮೀಸೆ ತೆಗೆಯಲು ಅವನ ತಾಯಿಯನ್ನು ಒಪ್ಪಿಸಬೇಕಾಯಿತು. ತಂದೆ ಇದ್ದಾಗ ಮಗ ಮೀಸೆ ತೆಗೆಯುವುದೆಂದರೇನು ಎಂದು ಆಕೆಯ ತಕರಾರು. ತಂದೆಯೇ ಮುಂದೆ ಬಂದು, "ನಾ ಬದುಕೇ ಇರ್ತೀನಿ, ತಗೀಲಿ ಬಿಡು" ಎಂದ ಮೇಲೆ ಕೆಲಸ ನಡೆಯಿತು. ಸೀರೆ ಬೇಕಾಗಿತ್ತು. ಗಿರಿಜಾಳಿಗೆ, "ಕಚೇರಿ ಕಾರ್ಯಕ್ರಮಕ್ಕ ಒಂದು ಸೀರಿ ಕೊಡು" ಎಂದೆ. ಕೇಳಿದ್ದು ಯಾತಕ್ಕೆಂದು ಅವಳು ವಿಚಾರಿಸಲಿಲ್ಲ. ಹಸಿರು ಇಳಕಲ್ ಸೀರೆ ಕೊಟ್ಟಳು.

ಸಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿ ಸಂಜೆಗೆ ನಾಟಕ ಶುರುವಾಯಿತು. ನಾನು ಖಾಕಿ ಅಂಗಿ ತೊಟ್ಟು ಸೀಟಿ ಊದುತ್ತ ರಂಗದ ಮೇಲೆ ಬಂದೆ. ಮಲ್ಲಯ್ಯ ಹಸಿರು ಸೀರೆಯುಟ್ಟು ಬಂದ. ಹೆಂಗಸರ ಸಾಲಿನಲ್ಲಿ ಕೂತಿದ್ದ ಗಿರಿಜಾಳ ತಲೆ ಒಮ್ಮೆ ನೆಟ್ಟಗಾಯಿತು. ಸೀರೆ ಗುರುತು ಸಿಕ್ಕಿತೆಂದು ತಿಳಿದೆ. ಮಲ್ಲಯ್ಯ, "ಜೀರಗಿ ಯಾವ ಊರಿಗೆ ವರ್ಗ ಆತ್ರಿ?" ಎಂದ. ಪೆಂಡಾಲು ಬಿರಿಯುವಂತೆ ನಗು. ಇಂಗ್ಲೆಂಡಿನಲ್ಲಿ ಕಾಣದೆ ಕೂತು ನಗುತ್ತಿದ್ದವರು ಎದುರಿಗೇ ಬಂದು ಕೂತಂತಾಯಿತು. ನಾನು ಓರೆಗಣ್ಣಿನಿಂದ ಗಿರಿಜಾಳನ್ನು ನೋಡಿದೆ. ಅಕ್ಕಪಕ್ಕದವರು ನಗುತ್ತ ಅವಳ ಮೇಲೆ ಬೀಳುತ್ತಿದ್ದರು. ಅವಳು ನಗುತ್ತಿರಲಿಲ್ಲ, ಸಿಟ್ಟೂ ಮಾಡಿರಲಿಲ್ಲ. ಅಂಗಡಿಯಲ್ಲಿ ತೂಕ ಮಾಡುವಾಗ ತಕ್ಕಡಿಯ ಮುಳ್ಳು ನೋಡುತ್ತಾಳಲ್ಲ, ಹಾಗೆ ನೋಡುತ್ತಿದ್ದಳು.

ಕೊನೆಯಲ್ಲಿ ನಾನು ಬಸ್ಸುಗಳ ವೇಳಾಪಟ್ಟಿಗೂ ಸಂಸಾರಕ್ಕೂ ಇರುವ ಸಂಬಂಧದ ಬಗ್ಗೆ ಭಾಷಣ ಮಾಡಿದೆ. ಮಲ್ಲಯ್ಯ, "ಮುಗೀತ್ರಿ? ಹಂಗಾರ ಕೈ ತೊಳಕೋರಿ" ಎಂದು ಹೇಳಿ ಒಳಗೆ ಹೋದ. ಪರದೆ ಬಿತ್ತು. ಸಾಹೇಬರೂ ನಕ್ಕರು, ಈ ಸಲ ಎಲ್ಲರಿಗಿಂತ ಮೊದಲು.

ಮರುದಿನದಿಂದ ಆ 'ಕೈ ತೊಳಕೋರಿ' ಮಾತು ಊರಿನಲ್ಲಿ ತಿರುಗತೊಡಗಿತು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಚೌಕಾಸಿ ಮಾಡಿದವನಿಗೆ ಅದನ್ನೇ ಅಂದಳು. ನಾನು ರಜೆ ಬೇಕೆಂದು ಕಾರಣ ವಿವರಿಸುತ್ತಿದ್ದಾಗ ಸಾಹೇಬರು ಅದನ್ನೇ ಅಂದರು. ಎಲ್ಲರೂ ನನ್ನ ಬೆನ್ನು ತಟ್ಟಿ, "ಭಾರಿ ಬರದೀರಿ" ಎನ್ನುವವರೇ. ಮನೆಯಲ್ಲಿ ಮಾತ್ರ ಸದ್ದಿಲ್ಲ. ಗಿರಿಜಾ ರೊಟ್ಟಿ ಬಡಿದಳು, ಬಡಿಸಿದಳು, ಸೀರೆ ಒಗೆದು ಮಡಚಿಟ್ಟಳು. ನಾಟಕದ ಬಗ್ಗೆ ಒಂದು ಮಾತಿಲ್ಲ. ಮೊದಲಾದರೆ ದಿನಕ್ಕೆ ಒಂದಾದರೂ ಚುರುಕು ಮಾತು ಬೀಳುತ್ತಿತ್ತು, ಅದೂ ನಿಂತುಹೋಯಿತು. ನಾನು ಬೇಕೆಂದೇ ಗಡಿಯಾರವನ್ನು ಬಿಚ್ಚಿ ಜೋಡಿಸಿ ಅದು ಹಿಮ್ಮುಖವಾಗಿ ನಡೆಯುವಂತೆ ಮಾಡಿದೆ. ನೋಡಿದಳು, "ಹೂಂ" ಎಂದಳು. ಬೇಜಾರಾಗಿದೆಯೇ ಎಂದು ಕೇಳಿದರೆ ನಾಟಕದ ಸಂಗತಿ ಬಾಯಿ ಬಿಡಬೇಕು. ಕೇಳದಿದ್ದರೆ ಹೊಟ್ಟೆ ಊದುತ್ತದೆ. ಅಡುಗೆಮನೆಯ ಹೊಸ್ತಿಲತನಕ ಹೋಗುವುದು, ನೀರು ಕುಡಿದು ಬರುವುದು, ಮತ್ತೆ ಹೋಗುವುದು. ಅಷ್ಟು ನೀರನ್ನು ನಾನು ಬೇಸಿಗೆಯಲ್ಲೂ ಕುಡಿದವನಲ್ಲ.

ಇದರ ನಡುವೆ ಶೇಖರ ಬಂದ. ನಾಟಕದ ಸುದ್ದಿ ಗಂಗಾವತಿಗೆ ಮುಟ್ಟಿತ್ತು. "ಮಾಮಾ, ಕೊಪ್ಪಳದಾಗ ಎಲ್ಲಾ ತಾಲೂಕಿನ ನೌಕರರ ನಾಟಕ ಸ್ಪರ್ಧೆ ಇಟ್ಟಾರ. ನೀವೂ ತರ್ರಿ. ನಿಮ್ಮ ನಾಟಕಾನ ನಾವೂ ನಮ್ಮ ಗಂಗಾವತಿಗೆ ಬೇಕಾದಂಗ ಮಾಡಿಕೋತೀವಿ, ಆಗಬಹುದಲ್ಲ?" ಎಂದ.

ನನ್ನನ್ನು ಯಾರಾದರೂ ಅಪ್ಪಣೆ ಕೇಳಿದ್ದು ಜೀವನದಲ್ಲಿ ಅದೇ ಮೊದಲು. ನಾನು ಒಮ್ಮೆಲೇ ಇಂಗ್ಲೆಂಡ್ ಆಗಿಬಿಟ್ಟೆ. ಕಾಲ ಮೇಲೆ ಕಾಲು ಹಾಕಿಕೊಂಡು, "ಮಾಡಿಕೋರಿ, ಮಾಡಿಕೋರಿ" ಎಂದೆ. ಗಿರಿಜಾ ಚಹಾ ತಂದಿಟ್ಟು, ತಮ್ಮನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, "ಕೊಪ್ಪಳಕ್ಕ ನಾನೂ ಬರ್ತೀನಿ" ಎಂದಳು. ಅಷ್ಟು ದಿನಗಳ ಮೇಲೆ ಅವಳಾಗಿ ಆಡಿದ ಮಾತು ಅದೊಂದೇ.

ಸ್ಪರ್ಧೆ ಒಂದು ರವಿವಾರ, ಹಾಡಹಗಲೇ. ಕೊಪ್ಪಳ ಆಗ ಇನ್ನೂ ರಾಯಚೂರು ಜಿಲ್ಲೆಯ ಒಂದು ತಾಲೂಕು. ಮೊದಲು ಯಲಬುರ್ಗಾದವರು ಒಂದು ಪೌರಾಣಿಕ ಆಡಿದರು. ರಾಜ ಒಂದು ಪದ್ಯ ಹಿಡಿದುಕೊಂಡವನು ಬಿಡಲೇ ಇಲ್ಲ. ಆಮೇಲೆ ನಮ್ಮದು. ಕೊಪ್ಪಳದ ಜನ ಹದವಾಗಿ ನಕ್ಕರು. ಮಲ್ಲಯ್ಯನ ಮೀಸೆ ಅರ್ಧ ಬೆಳೆದಿದ್ದರಿಂದ ಒಂದಿಷ್ಟು ನಗು ಅದರ ಪಾಲಿಗೆ ಹೋಯಿತು. ಕೊನೆಗೆ ಗಂಗಾವತಿಯವರು.

ಪರದೆ ಎತ್ತಿದರೆ ರಂಗದ ಮೇಲೆ ನಳ! ಹಿಂದೆ ಎಲ್ಲೋ ಪೀಪಾಯಿ ಕಟ್ಟಿ, ನಿಜವಾದ ನೀರು ಬರುವ ನಳ. ನಮ್ಮ ಬಸ್ ಕಂಟ್ರೋಲರ್ ಗಂಗಾವತಿಯಲ್ಲಿ ನಿವೃತ್ತ ನೀರುಗಂಟಿಯಾಗಿದ್ದ. ಕಾಲುವೆಯ ನೀರನ್ನು ಹೊಲಗಳಿಗೆ ಪಾಳಿಯಂತೆ ಬಿಡುತ್ತಿದ್ದವನು ಈಗ ಮನೆಮಂದಿಗೆ ಪಾಳಿಯಂತೆ ಬಿಂದಿಗೆ ಹಂಚುತ್ತಾನೆ. ಅವರಿಗೆ ಹೊಳೆದ ರೀತಿಗೆ ನಾನೇ ತಲೆದೂಗಿದೆ. ಹೆಂಡತಿಯ ಪಾತ್ರಕ್ಕೆ ನಾಟಕ ಕಂಪನಿಯಿಂದ ಒಬ್ಬ ನಟಿಯನ್ನು ಕರೆತಂದಿದ್ದರು. ನಡುವೆ ಅಕ್ಕಿ ಗಿರಣಿಯ ತೆಲುಗು ಸಾಹುಕಾರನೊಬ್ಬ ಬಂದು ಹೊಡೆದಾಟ ಮಾಡಿಹೋದ. ಯಾಕೆ ಬಂದನೆಂದು ಯಾರೂ ಕೇಳಲಿಲ್ಲ, ಅಷ್ಟು ಚೆನ್ನಾಗಿ ಹೊಡೆದ. ಗಂಡ ಕೊನೆಯ ಭಾಷಣ ಮಾಡಿದ. ನಟಿ ಬಾಯಿ ತೆರೆದಳು. ನಾನು 'ಕೈ ತೊಳಕೋರಿ'ಗಾಗಿ ಕಾದೆ. ಅವಳು ದಬಕ್ಕನೆ ಗಂಡನ ಕಾಲಿಗೆ ಬಿದ್ದು, "ತಪ್ಪು ನನ್ನದ್ರಿ, ನಿಮ್ಮನ್ನ ನಾ ತಿಳಕೊಳ್ಳಲಿಲ್ಲ" ಎಂದು ಗೋಳೋ ಎಂದು ಅತ್ತಳು. ನಳದಲ್ಲಿ ನೀರು ಸುರಿಯಿತು. ಪಿಟೀಲಿನ ಜಾಗದಲ್ಲಿ ಹಾರ್ಮೋನಿಯಂ. ಜನ ಮೂಗು ಒರೆಸಿಕೊಳ್ಳುತ್ತ ಎದ್ದು ನಿಂತು ಚಪ್ಪಾಳೆ ಹೊಡೆದರು. ಪ್ರಥಮ ಬಹುಮಾನ ಗಂಗಾವತಿಗೆ. ನಮಗೆ ಪ್ರೋತ್ಸಾಹಕರ ಬಹುಮಾನ.

ಗಿರಿಜಾ ಎಲ್ಲಿ ಎಂದು ನೋಡುತ್ತೇನೆ, ಜಾಗದಲ್ಲಿಲ್ಲ. ರಂಗದ ಹಿಂದಕ್ಕೆ ಓಡಿದೆ. ಅಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ ಶೇಖರನ ಎದುರಿಗೆ ನಿಂತಿದ್ದಳು.

"ಏನೋ ಶೇಖರಾ, ನಾ ಯಾವಾಗ ಅತ್ತೀನೋ?"

"ಅಕ್ಕಾ, ಅದು ನೀ ಅಲ್ಲ, ನಾಟಕ..."

"ಜೀರಗಿ ಮಾತು ನಂದು. ಎಮ್ಮಿ ಮಾತು ನಂದು. ಅವನ್ನ ಇಟ್ಟುಕೊಂಡೀಯಲ್ಲ? ಇಷ್ಟು ಮಾತಾಡಿದಾಕಿ ಕಾಲಿಗೆ ಬೀಳ್ತಾಳೇನೋ? ಯಾವ ಬಾಯಿಲೆ ತಪ್ಪು ನಂದು ಅಂತಾಳ?"

"ಅಕ್ಕಾ, ಜನರಿಗೆ ಬೇಕಲ್ಲ. ಅಮೆರಿಕಾದವರೂ ಹಂಗ ಮಾಡ್ಯಾರ. ಕೊನೀಗೆ ಗಂಡ-ಹೆಂಡತಿ ಕೂಡಲಿಲ್ಲ ಅಂದ್ರ ಮಂದಿ ಮನಿಗೆ ಹೋಗೂದಿಲ್ಲ."

"ಹೋಗದಿದ್ರ ಕುಂದರ್ಲಿ," ಎಂದಳು ಗಿರಿಜಾ. "ನಾವೇನು ಕೂಡಿಲ್ಲೇನು? ಇಷ್ಟು ವರ್ಷ ಒಂದ ಒಲಿ ಅಡಿಗಿ ಉಂಡಿಲ್ಲೇನು? ಅದಕ್ಕ ಅಳಬೇಕೇನು?" ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವರು ಹೇಳದ ಕೇಳದ ಒಯ್ದಾರ. ಖರೆ. ಒಯ್ದರೂ ಇದ್ದಂಗ ಒಯ್ದಾರ. ನೀ ಕೇಳಿ ಒಯ್ದು ಕೆಡಿಸೀದಿ" ಎಂದಳು.

ಶೇಖರನ ಕೊರಳಿನ ಹಾರ ಜೋತುಬಿದ್ದಂತೆ ಕಂಡಿತು. ಸುತ್ತ ಜನ ಸೇರಿದ್ದರು. ಯಲಬುರ್ಗಾದ ರಾಜ ಕಿರೀಟವನ್ನೂ ತೆಗೆಯದೆ, ಬಾಯಿ ತೆರೆದುಕೊಂಡು ನನ್ನ ಹೆಂಡತಿಯ ಮಾತು ಕೇಳುತ್ತಿದ್ದ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಿಟ್ಟಿಲ್ಲ! ನನ್ನ ಮೇಲೆ ಸಿಟ್ಟಿಲ್ಲ! ಇದ್ದಂಗ ಒಯ್ದಾರ ಎಂದಳಲ್ಲ! ಪ್ರಥಮ ಬಹುಮಾನಕ್ಕಿಂತ ದೊಡ್ಡದು ಸಿಕ್ಕಿತೆಂದು ಬೀಗುತ್ತ ಬಸ್ಸು ಹತ್ತಿದೆ.

ಬೀಗುವ ಮನುಷ್ಯ ಸುಮ್ಮನಿರಬೇಕು. ನನಗೆ ಅದು ಬರುವುದಿಲ್ಲ. ಬಸ್ಸು ಊರು ದಾಟುತ್ತಿದ್ದಂತೆ ಕೇಳಿಯೇಬಿಟ್ಟೆ. "ಹಂಗಾರ ನಮ್ಮ ನಾಟಕ ಬರಾಬರಿ ಇತ್ತು ಅಂತೀ?"

"ನನ್ನ ಮಾತು ಎಲ್ಲಾ ಬರಾಬರಿ ಅದಾವ," ಎಂದಳು. ಕಿಟಕಿಯ ಹೊರಗೆ ನೋಡುತ್ತಿದ್ದಳು. ಈ ಕಡೆ ತಿರುಗಿ, "ಆದ್ರ ಆ ಗಂಡ ಯಾರ್ರಿ?" ಎಂದಳು.

"ಯಾರು ಅಂದ್ರ? ನಾನಽ."

"ನೀವಲ್ಲ ಬಿಡ್ರಿ. ಅಂವಾ ಭಾಳ ಶಾಣ್ಯಾ ಅದಾನ. ಹೆಂಡತಿ ತಪ್ಪು ತೋರಿಸಿದ ಕೂಡಲೇ ಸುಮ್ಮನಾಗ್ತಾನ. ಮಾತಾಡಿದ್ರ ಕೇಳಂಗ ಮಾತಾಡ್ತಾನ. ನೀವು ಜೀರಗಿ ದಿವಸ ಎಣ್ಣಿ ಸುಟ್ಟು ಕರ್ರಗಾದ್ರೂ ಬಿಟ್ಟಿದ್ದಿಲ್ಲ. ಅದೆಲ್ಲಾ ಎಲ್ಲಿ ಹೋತು? ನನ್ನ ಮಾತು ಇದ್ದಂಗ ಇಟ್ಟು, ನಿಮ್ಮವು ಅಷ್ಟ ಒಗದು ಇಸ್ತ್ರಿ ಮಾಡೀರಿ."

ನಿಜವೆಂದರೆ, ಗಂಡನ ಮಾತು ಧಾರಾಳವಾಗಿ ಬಂದವು ಎಂದೆನಲ್ಲ, ಅವು ಬಂದ ಹಾಗೆ ನಾನು ಇಟ್ಟಿರಲಿಲ್ಲ. ಅಲ್ಲಿ ಒಂದು ಹಟ ಕಿತ್ತು, ಇಲ್ಲಿ ಒಂದು ಹಾಸ್ಯ ಸೇರಿಸಿ, ಆಡಿದ್ದರೆ ಚೆನ್ನಾಗಿತ್ತು ಎನ್ನಿಸಿದ್ದನ್ನೆಲ್ಲ ಆಡಿದ್ದೇನೆಂದು ಬರೆದಿದ್ದೆ. ಸ್ನಾನದ ಮನೆಯಲ್ಲಿ ತಡವಾಗಿ ಹೊಳೆದ ಉತ್ತರಗಳೆಲ್ಲ ಅಲ್ಲಿ ಸಮಯಕ್ಕೆ ಸರಿಯಾಗಿ ಬಂದಿದ್ದವು. ಇಂಗ್ಲೆಂಡಿನಲ್ಲಿ ಆ ರೈಲಿನವನ ಕತೆ ಬರೆದವನೂ ಹೀಗೇ ಮಾಡಿರಬಹುದು. ಅವನ ಹೆಂಡತಿ ಅಲ್ಲಿಯ ಯಾವುದೋ ಬಸ್ಸಿನಲ್ಲಿ ಅವನಿಗೂ ಇದನ್ನೇ ಹೇಳಿರಬಹುದು. ಈ ಸಮಾಧಾನ ಕುಷ್ಟಗಿ ಬರುವವರೆಗೂ ಸಾಕಾಗಲಿಲ್ಲ.

ಕೆಲವು ವಾರಗಳ ಮೇಲೆ ಯಲಬುರ್ಗಾದಿಂದ ನಾಲ್ಕಾರು ಜನ ನಮ್ಮ ಮನೆಗೆ ಬಂದರು. ಅವರಲ್ಲಿ ಒಬ್ಬನ ಗುರುತು ಹತ್ತಲು ತುಸು ಹೊತ್ತು ಹಿಡಿಯಿತು, ಕಿರೀಟವಿರಲಿಲ್ಲ. ಅವನೇ ಆ ರಾಜ, ವೀರಭದ್ರಪ್ಪ. ಪೌರಾಣಿಕ ಸಾಕಾಗಿದೆ, ಈ ನಾಟಕವನ್ನು ನಾವೂ ಮಾಡಿಕೊಳ್ಳುತ್ತೇವೆ ಎಂದರು. ನಾನು ಮತ್ತೆ ಇಂಗ್ಲೆಂಡ್ ಆದೆ. ಕಾಲ ಮೇಲೆ ಕಾಲು ಹಾಕಿ, "ನಿಮ್ಮಲ್ಲಿ ಗಂಡನ್ನ ಏನು ಮಾಡ್ತೀರಿ? ಕಾಲುವಿ ಇಲ್ಲ, ಬಸ್ಸೂ ಕಡಿಮಿ" ಎಂದು ವಿಚಾರಿಸಿದೆ.

"ಅದೇನೂ ಬ್ಯಾಡ್ರಿ ಸರ್," ಎಂದರು ಅವರ ಹಿರಿಯರು. "ಒಂದು ಮನಿ, ಗಂಡ, ಹೆಂಡತಿ. ಇಷ್ಟಿದ್ರ ಸಾಕು. ಅವತ್ತು ಕೊಪ್ಪಳದಾಗ ಅಕ್ಕಾರು ಪರದೆ ಹಿಂದ ಮಾತಾಡಿದ್ದು ಕೇಳಿದ್ವಲ್ರಿ, ನಮಗ ಅದು ಬೇಕು. ಅಕ್ಕಾರನ್ನ ಕರೀರಿ."

ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದಳು. ಕೂರುವವಳಲ್ಲ, ಎರಡು ಮಾತಾಡಿ ಒಳಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಕೂತಳು. ಅವರು ಕೇಳಿದರು, ಅವಳು ಹೇಳಿದಳು. ಛತ್ರಿಯ ಪ್ರಸಂಗಕ್ಕೆ ಬಂದಾಗ ನಾನು, "ಅಲ್ಲ, ಅದು ಹಂಗಾಗಿದ್ದಿಲ್ಲ, ಅದರ ಕಡ್ಡಿ ಮೊದಲೇ..." ಎಂದೆ. ಗಡಿಯಾರದ ಪ್ರಸಂಗದಲ್ಲಿ, "ಅಲ್ಲ, ಅದರ ಸ್ಪ್ರಿಂಗ್..." ಎಂದೆ. ಹಿರಿಯರು ಬಹಳ ವಿನಯದಿಂದ ನನ್ನ ಮೊಣಕೈ ಮುಟ್ಟಿ, "ಸರ್, ತಪ್ಪು ತಿಳೀಬ್ಯಾಡ್ರಿ. ನೀವು ಜರಾ ಹೊರಗ ಕಟ್ಟಿ ಮ್ಯಾಲೆ ಗಾಳಿಗೆ ಕುಂದರ್ರಿ. ನೀವು ಮಾತಾಡಿದ್ರ ಅಕ್ಕಾರಿಗೆ ಕೊಂಡಿ ತಪ್ಪತೈತಿ" ಎಂದರು.

ಹೊರಗೆ ಬಂದೆ. ಕೂರಲಾಗಲಿಲ್ಲ. ಒಳಗೆ ಗಿರಿಜಾಳ ಸಣ್ಣ ದನಿ ಕೇಳುತ್ತಿತ್ತು, ಅದರ ಹಿಂದೆಯೇ ಯಲಬುರ್ಗಾದವರ ದೊಡ್ಡ ನಗು. ಯಾವುದಕ್ಕೆ ನಕ್ಕರು? ಜೀರಗಿಗೋ, ಗಡಿಯಾರಕ್ಕೋ, ಅಥವಾ ನನಗೇ ನೆನಪಿಲ್ಲದ ಇನ್ನಾವುದಕ್ಕೋ? ಕೈ ಹಿಂದೆ ಕಟ್ಟಿಕೊಂಡು ಬೇವಿನ ಮರದ ತನಕ ಹೋದೆ, ತಿರುಗಿ ಬಂದೆ. ಬಾಗಿಲಿಗೆ ಕಿವಿ ಕೊಟ್ಟೆ. ಕೇಳಿಸಲಿಲ್ಲ. ಮತ್ತೆ ಮರದ ತನಕ ಹೋದೆ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಸಡಿಲಾಗಿ ಕಂಡಿತು, ಬಿಗಿ ಮಾಡಲು ಹೋದೆ, ಗಂಟು ಪೂರ್ತಿ ಬಿಚ್ಚಿಕೊಂಡಿತು. ತಿರುಗಿ ನೋಡಿದರೆ ವೀರಭದ್ರಪ್ಪ ಕಟ್ಟೆಯ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ. ನಾನು ನಿಂತೆ.

"ನಿಂದರಬ್ಯಾಡ್ರಿ ಸರ್," ಎಂದ ಅವನು ಗಾಬರಿಯಾಗಿ. "ಹಂಗಽ ಓಡಾಡ್ರಿ. ಗಂಡನ ಪಾರ್ಟು ನಂದು. ಅಕ್ಕಾರು, 'ಹೊರಗ ಹೋಗಿ ಅವರನ್ನ ಜರಾ ನೋಡಿಕೊಂಡು ಬಾ, ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ' ಅಂದಾರ."

ಅವನು ಎದ್ದು ಬಂದು, ನನ್ನ ಹಾಗೆಯೇ ಕೈ ಹಿಂದೆ ಕಟ್ಟಿಕೊಂಡು, ತಲೆ ಮುಂದೆ ಚಾಚಿ ನಾಲ್ಕು ಹೆಜ್ಜೆ ನಡೆದು ತೋರಿಸಿ, "ಬರಾಬರಿ ಐತೇನ್ರಿ?" ಎಂದು ಕೇಳಿದ. ಬರಾಬರಿ ಇರಲಿಲ್ಲ. ಹೆಜ್ಜೆ ಬಹಳ ನಿಧಾನವಾಗಿತ್ತು, ರಾಜನ ನಡಿಗೆ ಇನ್ನೂ ಬಿಟ್ಟಿರಲಿಲ್ಲ, ಮುಖದಲ್ಲಿ ಚಡಪಡಿಕೆ ಎಂಬುದು ಏನೇನೂ ಇರಲಿಲ್ಲ. ನನಗೆ ನೋಡಿ ಸುಮ್ಮನಿರಲು ಆಗಲಿಲ್ಲ. "ಅಲ್ಲ, ಹಂಗಲ್ಲ, ಸರೀರಿ ಈ ಕಡೆ" ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಧೋತರ ಮೇಲೆತ್ತಿ ಕಟ್ಟಿ, ಬೇವಿನ ಮರದಿಂದ ಬಾಗಿಲವರೆಗೆ, ಬಾಗಿಲಿನಿಂದ ಬೇವಿನ ಮರದವರೆಗೆ ನಾನೇ ಓಡಾಡಿ ತೋರಿಸತೊಡಗಿದೆ.